ಅಕ್ಕನ ರಕ್ತ

"ಇದು ನಿನ್ನ ತಮ್ಮನ ರಕ್ತ ಅಲ್ಲ ಕಣೇ."

ರಕ್ತನಿಧಿಯ ಡಾಕ್ಟರಮ್ಮ ಭೂತಗನ್ನಡಿಯಿಂದ ತಲೆ ಎತ್ತದೆಯೇ ಹೇಳಿದಳು. ಅವಳ ಮುಂದಿನ ಬಿಳಿ ತಟ್ಟೆಯಲ್ಲಿ ಆ ಚಿಪ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ನೋಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಒಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು.

ಜಿಗಣೆ ಕೂತಲ್ಲಿಂದ ಎದ್ದಳು. ಹಿಡಿದರೆ ಬಿಡುವವಳಲ್ಲ ಎಂದು ಪೊಲೀಸ್ ಇಲಾಖೆಯಲ್ಲಿದ್ದಾಗ ಅವಳಿಗೆ ಬಿದ್ದ ಹೆಸರು ಅದು. ಇಲಾಖೆ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆ ಶುರುಮಾಡಿದರೂ ಹೆಸರು ಮಾತ್ರ ಮೈಗೆ ಅಂಟಿಕೊಂಡೇ ಇತ್ತು.

"ಸರಿಯಾಗಿ ನೋಡಿದೀಯಾ?"

"ತಿರುಗಿಸಿ ಮುರುಗಿಸಿ ನೋಡಿದೀನಿ. ಅವನು ನಮ್ಮಲ್ಲೇ ರಕ್ತ ಕೊಡ್ತಿದ್ದ, ಅವನದು ಓ ಗುಂಪು ಅಂತ ನಂಗೆ ಬಾಯಿಪಾಠ. ಇದು ಎಬಿ."

ಎದೆ ಹಿಡಿದುಕೊಂಡು ಕೂತ ತಮ್ಮನನ್ನು, ಅವನೇ ರೂಪಿಸಿದ ಅಂಗೈಯಗಲದ ಯಂತ್ರ 'ಎಲ್ಲ ಸರಿಯಾಗಿದೆ' ಎಂದು ಮನೆಗೆ ಕಳಿಸಿತ್ತು. ಸಂಜೆ ಎಬ್ಬಿಸಲು ಹೋದ ಹೆಂಡತಿಗೆ ಸಿಕ್ಕಿದ್ದು ತಣ್ಣಗಾದ ಕೈ.

ತನ್ನ ಯಂತ್ರಕ್ಕೆ ತಾನೇ ಬಲಿಯಾದ ಜಾಣ ಎಂದು ಪತ್ರಿಕೆಗಳು ಬರೆದವು. ಸತ್ತವನ ಮೇಲೆ ಹೀಗೆ ಮಣ್ಣಿನ ಜೊತೆ ನಗೆಯನ್ನೂ ಎಳೆದರಲ್ಲ ಎಂದು ಅಕ್ಕನ ಹೊಟ್ಟೆಯಲ್ಲಿ ಅಂದು ಹೊತ್ತಿದ ಕಿಚ್ಚು ಇನ್ನೂ ಆರಿರಲಿಲ್ಲ.

"ಬೇರೆಯವರ ರಕ್ತ ಇದರೊಳಗೆ ಹೇಗೆ ಬಂತು?"

"ನೋಡು, ಬೆರಳಿನ ಒಂದು ಹನಿ ಇಲ್ಲಿ ಬೀಳುತ್ತೆ. ಕೆಂಪು ಕಣಗಳು ಈ ಜರಡಿಯಲ್ಲೇ ಸಿಕ್ಕಿಬೀಳ್ತವೆ, ತಿಳಿ ಮಾತ್ರ ಮುಂದೆ ಹರಿಯುತ್ತೆ. ಹೃದಯಕ್ಕೆ ಪೆಟ್ಟಾಗಿದ್ರೆ ರಕ್ತದಲ್ಲಿ ಒಂದು ಪದಾರ್ಥ ಸೇರಿರುತ್ತಲ್ಲ, ಅದು ಈ ಗೆರೆಯಲ್ಲಿ ಅಂಟಿಕೊಳ್ಳುತ್ತೆ. ಯಂತ್ರ ಆ ಗೆರೆ ಓದುತ್ತೆ. ನಂಗೆ ಗುಂಪು ಸಿಕ್ಕಿದ್ದು ಜರಡಿಯಲ್ಲಿ ಒಣಗಿದ ರಕ್ತದಿಂದ. ಯಾರೋ ಪುಣ್ಯಾತ್ಮರು ಗಟ್ಟಿಮುಟ್ಟಾದವರೊಬ್ಬರ ರಕ್ತ ಹಾಕಿದ ಚಿಪ್ಪನ್ನ ಇವನದು ಅಂತ ಯಂತ್ರಕ್ಕೆ ತುರುಕಿದ್ದಾರೆ. ಅಷ್ಟೇ."

"ಎಬಿ ಎಲ್ಲರಲ್ಲೂ ಸಿಗಲ್ಲ."

"ಸಿಗಲ್ಲ. ನಂಗೆ ಹತ್ತಿರದಿಂದ ಗೊತ್ತಿರೋರು ಅಂದ್ರೆ…" ಡಾಕ್ಟರಮ್ಮನ ಮಾತು ಅಲ್ಲೇ ನಿಂತಿತು. ಗೆಳತಿಯ ಮುಖ ನೋಡಿದಳು. "ನೀನು."

ಜಿಗಣೆ ಮೇಜಿನ ಅಂಚು ಹಿಡಿದುಕೊಂಡಳು.

ತಮ್ಮನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಹೊಸ ಚಿಪ್ ತಯಾರಾದಾಗ, ಆರೋಗ್ಯವಂತರಿಗೆ ಅದು ಸುಮ್ಮಸುಮ್ಮನೆ ಕಾಯಿಲೆಯಿದೆ ಎನ್ನುತ್ತದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಒಳ್ಳೆಯ ರಕ್ತವೊಂದು ಕೈಗೆ ಸಿಗುವಂತಿರಬೇಕು. ತಮ್ಮ ಆಗಾಗ ಮನೆಗೆ ಬಂದು ಅಕ್ಕನ ತೋಳಿಗೆ ರಬ್ಬರು ಪಟ್ಟಿ ಬಿಗಿದು ಕೊಳವೆ ತುಂಬಿಸಿಕೊಂಡು ಹೋಗುತ್ತಿದ್ದ.

"ಅಕ್ಕಾ, ನಿಂದು ಕಲ್ಲುಹೃದಯ. ನಿನ್ನ ರಕ್ತ ಹಾಕಿದ್ರೆ ಯಂತ್ರ ಕಣ್ಣುಮುಚ್ಚಿ ಪಾಸ್ ಮಾಡುತ್ತೆ."

"ಜಿಗಣೆಯ ರಕ್ತಾನೇ ಹೀರೋ ಗಂಡಸು ನೀನೊಬ್ಬನೇ ಕಣೋ, ತಗೊಂಡು ಹೋಗು."

ಕೊಳವೆಯ ಮೇಲೆ 'ಅಕ್ಕ' ಎಂದಷ್ಟೇ ಬರೆದು ತಂಪುಪೆಟ್ಟಿಗೆಯಲ್ಲಿ ಇಡುತ್ತಿದ್ದ. ಅಲ್ಲಿನ ಕೆಲಸಗಾರರ ಬಾಯಲ್ಲೂ ಅದೇ ಮಾತು. ಅಕ್ಕ ಖಾಲಿಯಾಯ್ತು, ಸ್ವಲ್ಪ ಅಕ್ಕ ಹಾಕಿ ನೋಡು. ತಮ್ಮ ಅದನ್ನು ಹೇಳಿಕೊಂಡು ನಗುತ್ತಿದ್ದ, ಅವಳೂ ನಗುತ್ತಿದ್ದಳು.

ಅವನನ್ನು ಕೊಂದದ್ದು ಆ ಕೊಳವೆ. ಅವಳದೇ ರಕ್ತ ಅವನ ಪರವಾಗಿ ಸುಳ್ಳುಸಾಕ್ಷಿ ಹೇಳಿ ಅವನನ್ನು ಸಾಯಲು ಮನೆಗೆ ಕಳಿಸಿತ್ತು. ಅವಳಿಗೆ ಅಳು ಬರಲಿಲ್ಲ. ಕೈಗೆ ಸಿಕ್ಕವರ ಕತ್ತು ಮುರಿಯಬೇಕೆನಿಸಿತು.

"ಕೂತ್ಕೋ. ನೀರು ಕುಡಿ," ಎಂದಳು ಡಾಕ್ಟರಮ್ಮ. "ಇನ್ನೊಂದಿದೆ. ಈ ಅಂಚಲ್ಲಿ ಏನೋ ಗೀರಿದೆ ನೋಡು. ತಯಾರಿಕೆಯ ದೋಷಾನಾ?"

ಜಿಗಣೆ ಭೂತಗನ್ನಡಿಗೆ ಕಣ್ಣಿಟ್ಟಳು. ರಕ್ತ ಬೀಳುವ ಬಾಯಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ವಲ್ಪ ತಗ್ಗಿತ್ತು. ಬಾಗಿದ ಸಣ್ಣ ಗೀರು, ಉಗುರು ಒತ್ತಿದ ಹಾಗೆ.

ಆ ಗೀರನ್ನು ಅವಳು ಬಲ್ಲಳು. ಕಂಪನಿ ಇನ್ನೂ ಬಾಡಿಗೆ ಕೋಣೆಯಲ್ಲಿದ್ದ ಕಾಲದಲ್ಲಿ ಮೂರೇ ಜನ ಕೈಯಲ್ಲಿ ಚಿಪ್ ಮಾಡುತ್ತಿದ್ದರು: ತಮ್ಮ, ಅವನ ಕೈಹಿಡಿಯಲಿದ್ದ ಹುಡುಗಿ, ಅವರಿಬ್ಬರಿಗೂ ಕಲಿಸಿದ ಮೇಷ್ಟ್ರು. ಆಗ ಕಾಲುವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ರಕ್ತ ಮುಂದೆ ಹೋಗುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಒತ್ತಿದರೆ ಗುಳ್ಳೆ ಜಾರಿಹೋಗುತ್ತಿತ್ತು.

ಆಮೇಲೆ ತಮ್ಮ ಗಾಳಿ ಹೋಗಲು ಕಿಂಡಿಯಿಟ್ಟ, ಒತ್ತುವ ಕೆಲಸವೇ ಇಲ್ಲವಾಯಿತು. ಹೊಸದಾಗಿ ಸೇರಿದವರಿಗೆ ಅದು ಗೊತ್ತೇ ಇಲ್ಲ. ಹಳಬರ ಹೆಬ್ಬೆರಳು ಮಾತ್ರ ಕೇಳಬೇಕಲ್ಲ! 'ಮೇಷ್ಟ್ರೇ, ಗುಳ್ಳೆ ಸತ್ತು ಯಾವ ಕಾಲವಾಯ್ತು, ಇನ್ನೂ ಅದರ ಕತ್ತು ಹಿಸುಕ್ತಾ ಇದೀರಲ್ಲ' ಎಂದು ತಮ್ಮ ಛೇಡಿಸುತ್ತಿದ್ದುದು ಅವಳ ಕಿವಿಯಲ್ಲೇ ಇದೆ.

ಸತ್ತ ದಿನ ತಮ್ಮ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಂಚದ ಮೇಲಿದ್ದ. ಅವನ ಕೈಹಿಡಿದ ಆ ಹುಡುಗಿ, ಈಗ ಜಿಗಣೆಯ ನಾದಿನಿ, ಮಗಳನ್ನು ಕರೆತರಲು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿದ್ದ ನರ್ಸು ಹೊಸಬಳು. ಉಳಿದವರು ಮೇಷ್ಟ್ರೊಬ್ಬರೇ.

"ಈ ಚಿಪ್ ನಿನ್ನ ಕೈಗೆ ಹೇಗೆ ಸಿಕ್ತು ಅಂತ ಆ ಮನುಷ್ಯ ತಲೆಕೆಡಿಸಿಕೊಳ್ತಾನೆ," ಎಂದಳು ಡಾಕ್ಟರಮ್ಮ.

"ನನ್ನ ತಮ್ಮ ಬಳಸಿದ ಒಂದು ಚಿಪ್ಪನ್ನೂ ಎಸೀತಿರಲಿಲ್ಲ. ಎಲ್ಲಾ ಜೇಬಿಗೆ. ಬಟ್ಟೆ ಒಗೆಯುವಾಗ ನಾದಿನಿ ಬೈತಿದ್ಲು. ಆಸ್ಪತ್ರೆಯವರು ವಾಪಸ್ ಕೊಟ್ಟ ಅಂಗಿ ಜೇಬಲ್ಲೇ ಇತ್ತು."

"ಪೊಲೀಸರ ಹತ್ರ ಹೋಗು. ಒಬ್ಬಳೇ ಹೋಗಬೇಡ."

"ಹೋಗಿ ಏನಂತ ಹೇಳಲಿ? ಉಗುರಿನ ಗೀರು ಅಂತಾನಾ? ಅವನ ವಕೀಲ ಊದಿ ಹಾರಿಸ್ತಾನೆ. ಇವತ್ತು ಮಧ್ಯಾಹ್ನ ಪಕ್ಕದ ಊರಲ್ಲಿ ಇದೇ ಯಂತ್ರಾನ ಊರೂರಿನ ಚಿಕಿತ್ಸಾಲಯಗಳಿಗೆ ಹಂಚ್ತಾ ಇದಾನೆ, ಅದೂ ನನ್ನ ತಮ್ಮನ ಹೆಸರಿಟ್ಟು. ನಾದಿನಿ, ಮಗು ಬೆಳಗಿನ ರೈಲಿಗೇ ಹೋದರು, ಸಮಾರಂಭದ ಪರದೆ ಸರಿಸೋಕೆ."

"ಅವನನ್ನ ಜೈಲಿಗೆ ಕಳಿಸೋದಲ್ವಾ ನಿನ್ನ ಉದ್ದೇಶ?"

ಜಿಗಣೆ ಚಿಪ್ಪಿನ ಎರಡೂ ಹೋಳುಗಳನ್ನು ಪೊಟ್ಟಣದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಜೈಲಲ್ಲಿ ಊಟ ಹಾಕ್ತಾರೆ ಕಣೇ," ಎಂದಷ್ಟೇ ಹೇಳಿ ಹೊರಟಳು.

ಮೇಷ್ಟ್ರ ಕೋಣೆ ಕಾರ್ಖಾನೆಯ ಮೇಲಂತಸ್ತಿನಲ್ಲಿತ್ತು. ಒಂದು ಬದಿಗೆ ಪೂರ್ತಿ ಗಾಜು. ಕೆಳಗೆ ಬಿಳಿ ಟೋಪಿ, ಬಿಳಿ ನಿಲುವಂಗಿಯ ಹೆಂಗಸರು ಸಾಲಾಗಿ ಕೂತು ಚಿಪ್ಪುಗಳಿಗೆ ಮುಚ್ಚಳ ಅಂಟಿಸುತ್ತಿದ್ದರು. ಮೇಜಿನ ಮೇಲೆ ಸಮಾರಂಭಕ್ಕೆಂದು ಹೊರತೆಗೆದಿಟ್ಟ ಡಬ್ಬಗಳು. ಪ್ರತಿ ಡಬ್ಬದ ಮೇಲೂ ತಮ್ಮ ನಗುತ್ತಿದ್ದ.

ಮೇಷ್ಟ್ರು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದರು. ಅವಳನ್ನು ಕಂಡದ್ದೇ ಬಾಯಿತುಂಬ ಸ್ವಾಗತಿಸಿದರು. ಎಡಗೈ ಮಾತ್ರ ದವಡೆಯನ್ನು ಒತ್ತಿಕೊಳ್ಳುತ್ತಿತ್ತು.

"ಬಾಮ್ಮಾ, ಬಾ. ಬೆಳಗ್ಗೆಯಿಂದ ಈ ಹಾಳು ಹಲ್ಲುನೋವು. ಭಾಷಣ ಹೇಗೆ ಮಾಡ್ತೀನೋ. ನೀನೂ ಬರ್ತೀಯಲ್ಲ ಸಮಾರಂಭಕ್ಕೆ?"

"ಬರೋಣ ಅಂತಲೇ ಬಂದೆ. ಒಂದು ಅನುಮಾನ ಉಳಿದಿದೆ ಮೇಷ್ಟ್ರೇ. ನಿಮ್ಮ ಯಂತ್ರ ನಂಬಬಹುದಾ?"

"ನಿನ್ನ ತಮ್ಮನ ಯಂತ್ರಮ್ಮಾ ಅದು."

"ಹಾಗಾದ್ರೆ ನನ್ನ ಕಣ್ಣೆದುರು ಒಂದು ಸಲ ಮಾಡಿ ತೋರಿಸಿ. ನಿಮ್ಮ ಬೆರಳಲ್ಲೇ. ವೇದಿಕೆ ಮೇಲೆ ಹೇಗೂ ಮಾಡೋರೇ ಅಲ್ವಾ, ನಂಗೊಬ್ಬಳಿಗೆ ಮೊದಲು ತೋರಿಸಿಬಿಡಿ. ಮನಸ್ಸು ಹಗುರಾಗುತ್ತೆ."

ಹೊಗಳಿಕೆಗೆ ಉಬ್ಬುವ ಜನ ಪ್ರದರ್ಶನಕ್ಕೂ ಸೋಲುತ್ತಾರೆ. ಮೇಷ್ಟ್ರು ಡಬ್ಬ ಹರಿದು ಚಿಪ್ ತೆಗೆದರು, ಬೆರಳ ತುದಿಗೆ ಸೂಜಿ ಚುಚ್ಚಿಕೊಂಡರು. ಹನಿ ಚಿಪ್ಪಿನ ಬಾಯಿಗೆ ಬಿತ್ತು. ಜಿಗಣೆ ಮೈಯೆಲ್ಲ ಕಣ್ಣಾಗಿ ಅವರ ಬಲಗೈಯನ್ನೇ ನೋಡುತ್ತಿದ್ದಳು.

ಹೆಬ್ಬೆರಳು ತಾನಾಗಿಯೇ ಮಡಿಚಿಕೊಂಡಿತು. ಉಗುರು ಅಂಚಿಗೆ ಒತ್ತಿತು. ಚಿಪ್ ಯಂತ್ರದೊಳಗೆ ಹೋಯಿತು.

"ಕಾಫಿ ಆರೋಷ್ಟರಲ್ಲಿ ಉತ್ತರ ಬರುತ್ತೆ," ಎಂದರು ಮೇಷ್ಟ್ರು.

"ಅಷ್ಟರಲ್ಲಿ ಇದನ್ನ ನೋಡಿ." ಅವಳು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು. "ನನ್ನ ತಮ್ಮನ ಜೇಬಲ್ಲಿತ್ತು. ಅಂಚಲ್ಲಿ ನಿಮ್ಮ ಉಗುರಿದೆ. ಒಳಗೆ ನನ್ನ ರಕ್ತ ಇದೆ."

ಮೇಷ್ಟ್ರ ಮುಖದ ನಗೆ ಹಾಗೇ ಉಳಿಯಿತು, ಕಣ್ಣುಗಳಷ್ಟೇ ಅದನ್ನು ಬಿಟ್ಟುಹೋದವು.

"ಏನು ಮಾತಾಡ್ತಾ ಇದೀಯ?"

"ಅಕ್ಕನ ಕೊಳವೆ. ಚಿಪ್ ತರ್ತೀನಿ ಅಂತ ನೀವು ಒಳಗೆ ಹೋದ್ರಿ. ಅಲ್ಲೇ ಅದರ ಮೇಲೆ ನನ್ನ ರಕ್ತ ಹಾಕಿದ್ರಿ. ಬಂದು ಅವನ ಬೆರಳು ಚುಚ್ಚಿದ್ರಿ, ಬೆನ್ನು ತಿರುಗಿಸಿದ್ರಿ, ಯಂತ್ರದೊಳಗೆ ನನ್ನದನ್ನ ಇಟ್ರಿ. ಅವನು ನಿಮ್ಮನ್ನ ನಂಬಿದ. ಕಾಲಿಗೆ ಬಿದ್ದು ಕಲಿತೋನು ನೋಡಿ, ಕೈ ನೋಡಲಿಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಹಣೆಯ ಬೆವರನ್ನು ಕರವಸ್ತ್ರದಿಂದ ಒರೆಸಿದರು. ಹೆದರಿದ್ದಾನೆ ಎಂದು ಜಿಗಣೆಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು.

"ಸಾಬೀತು ಮಾಡ್ತೀಯಾ?"

"ಮಾಡ್ತೀನೋ ಬಿಡ್ತೀನೋ. ಯಾಕೆ ಅಂತ ಹೇಳಿ ಮೊದಲು."

ಅವರು ಬಾಗಿಲ ಕಡೆ ನೋಡಿದರು. ಎದ್ದು ಬೋಲ್ಟು ಹಾಕಿ ಬಂದರು. ಗಟ್ಟಿಗರು ಎಂದೇ ಹೇಳಬೇಕು, ದನಿ ಮತ್ತೆ ಪಾಠದ ದನಿಯಾಯಿತು.

"ಚಿಪ್ ತುಂಬಿದ ಲಾರಿ ಬಿಸಿಲಲ್ಲಿ ಕೆಟ್ಟು ನಿಂತಿತ್ತು. ಒಳಗಿದ್ದ ಚಿಪ್ಪುಗಳು ಬೆಂದುಹೋದ್ವು. ಅದರಲ್ಲಿ ಕೆಲವು ಸತ್ತಿವೆ, ಕೆಲವು ಬದುಕಿವೆ. ಯಾವುದು ಯಾವುದು ಅಂತ ಹೊರಗಿನಿಂದ ತಿಳಿಯಲ್ಲ. ಎಲ್ಲಾ ನಾಶ ಮಾಡಿ ಅಂತ ನಿನ್ನ ತಮ್ಮ ಹಟ ಹಿಡಿದ. ಮಾಡಿದ್ರೆ ಈ ಕಟ್ಟಡಕ್ಕೆ ಬೀಗ. ಕೆಳಗೆ ಕೂತಿದಾರಲ್ಲ, ಅಷ್ಟೂ ಜನ ಬೀದಿಗೆ. ಅದೇ ದಿನ ಅವನು ಎದೆ ಹಿಡ್ಕೊಂಡು ಕೂತ. ನಾನು ವಿಷ ಹಾಕಲಿಲ್ಲ, ಚಾಕು ಹಾಕಲಿಲ್ಲ. ಒಂದು ಮಾತು ಹೇಳಿದೆ. ನೀನು ಚೆನ್ನಾಗಿದೀಯ ಅಂತ ಒಂದು ಮಾತು."

"ಆ ಬೆಂದ ಚಿಪ್ಪು ಎಲ್ಲಿದೆ?"

ಮೇಷ್ಟ್ರ ಕಣ್ಣು ಒಂದು ಕ್ಷಣ ಮೇಜಿನ ಮೇಲಿನ ಡಬ್ಬಗಳ ಮೇಲೆ ಹೋಗಿ ಬಂತು.

ತಮ್ಮನ ಮುಖ ಅಂಟಿಸಿ ಊರೂರಿಗೆ ಹಂಚಲು ಹೊರಟದ್ದು ಅದೇ! ಎದೆನೋವೆಂದು ಓಡಿಬಂದ ಯಾವನೋ ಅಪ್ಪ, ಯಾವಳೋ ತಾಯಿ, ಅವನ ನಗುಮುಖ ನೋಡಿಕೊಂಡು ಮನೆಗೆ ಹೋಗಿ ಸಾಯಬೇಕು. ಜಿಗಣೆಯ ಹಲ್ಲು ಕಟಕಟ ಎಂದಿತು.

ಯಂತ್ರ ಕೀಂ ಎಂದಿತು.

ಅವಳೇ ಮೊದಲು ಕೈಚಾಚಿ ಎತ್ತಿಕೊಂಡಳು. ಪರದೆಯ ಮೇಲೆ ಕೆಂಪು ಪಟ್ಟಿ ತುದಿಯವರೆಗೂ ತುಂಬಿತ್ತು. ಕೆಳಗೆ ತಮ್ಮನೇ ಬರೆದಿಟ್ಟ ಸಾಲು: ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಯಂತ್ರ ಕೆಟ್ಟಿದೆ ಎಂದುಕೊಂಡಳು. ಮರುಕ್ಷಣ ತಿಳಿಯಿತು. ಸತ್ತ ಚಿಪ್ ಗೆರೆ ಮೂಡಿಸುವುದಿಲ್ಲ, ಅಷ್ಟೇ ಅದರ ದೋಷ. ರೋಗಿಗೆ ಏನೂ ಇಲ್ಲ ಎಂದು ಸುಳ್ಳು ಹೇಳಬಲ್ಲದು, ಏನೂ ಇಲ್ಲದವನಿಗೆ ರೋಗವಿದೆ ಎನ್ನಲಾರದು. ಬೆಂದ ಚಿಪ್ಪೂ ಹೀಗೆ ಕೂಗಿಕೊಂಡಿದೆಯೆಂದರೆ ಈ ಮನುಷ್ಯನ ಹೃದಯ ಒಳಗೊಳಗೇ ಪೆಟ್ಟು ತಿನ್ನುತ್ತಿದೆ. ಹಲ್ಲುನೋವು ಹಲ್ಲಿನದಲ್ಲ, ಎದೆಯಿಂದ ದವಡೆಗೆ ಏರಿದ್ದು. ಆ ಬೆವರು ಭಯದ್ದೂ ಅಲ್ಲ.

"ಏನು ಬಂತು?" ಎಂದರು ಮೇಷ್ಟ್ರು, ಕನ್ನಡಿಯ ಕಡೆ ತಿರುಗಿ ಟೈ ಸರಿಮಾಡಿಕೊಳ್ಳುತ್ತ.

ಈ ಗಳಿಗೆಗಾಗಿ ಅವಳು ಎಷ್ಟು ರಾತ್ರಿ ಹಲ್ಲು ಕಚ್ಚಿ ಮಲಗಿದ್ದಳೋ. ಕನಸಿನಲ್ಲೂ ಇಷ್ಟು ಸರಿಯಾಗಿ ಕೈಗೆ ಸಿಕ್ಕಿರಲಿಲ್ಲ. ಅವನಿಗೆ ಬದುಕುವ ಅವಕಾಶ ಅವಳ ಅಂಗೈಯಲ್ಲಿದೆ, ಬಾಯಿ ತೆರೆದರೆ ಸಾಕು. ಪೊಲೀಸು, ಕೋರ್ಟು, ವಕೀಲ, ಯಾರೂ ಬೇಡ.

ತಪ್ಪು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಚಿಪ್ಪನ್ನು ಹೊರಕ್ಕೆ ಎಳೆದಳು. ರೋಗಿಯ ಗುಟ್ಟು ಬೇರೆಯವರ ಕಣ್ಣಿಗೆ ಬೀಳಬಾರದೆಂದು, ಚಿಪ್ ಎಳೆದೊಡನೆ ಪರದೆ ಬರಿದಾಗುವಂತೆ ತಮ್ಮ ಮಾಡಿದ್ದ. ಬರಿದಾಯಿತು. ಆ ಗೆರೆ ಬರಿಗಣ್ಣಿಗೆ ಕಾಣುವಂಥದ್ದೂ ಅಲ್ಲ. ಚಿಪ್ ಅವಳ ಜೇಬು ಸೇರಿತು.

"ಏನು ಬರುತ್ತೆ? ಗುಂಡುಕಲ್ಲಿನ ಹಾಗಿದೀರಿ," ಎಂದಳು. ತನ್ನ ದನಿ ಇಷ್ಟು ತಣ್ಣಗಿದ್ದುದು ಅವಳಿಗೇ ಆಶ್ಚರ್ಯ.

ಮೇಷ್ಟ್ರು ತಿರುಗಿ ಅವಳ ಮುಖವನ್ನು ಓದಿದರು. ಆಮೇಲೆ ನಕ್ಕರು.

"ನಿಜಾನೇ ಇರಬೇಕು. ಕೆಟ್ಟದ್ದು ಬಂದಿದ್ರೆ ನೀನು ಇಲ್ಲೇ ಕುಣೀತಿದ್ದೆ. ನೋಡಮ್ಮಾ, ಆ ಮುರಿದ ಚಿಪ್ ಇಟ್ಕೊಂಡು ಏನು ಬೇಕಾದ್ರೂ ಮಾಡ್ಕೋ. ನಾಳೆ ಮಾತಾಡೋಣ. ಈಗ ನಂಗೆ ಹೊತ್ತಾಯ್ತು, ಬೆಟ್ಟದ ರಸ್ತೆ ಬೇರೆ."

"ಹೋಗಿಬನ್ನಿ."

ಅವರು ಕೋಟು ತೊಟ್ಟು, ಮೇಜಿನ ಮೇಲಿನ ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲು ತೆರೆದರು. ಅವಳು ಎದೆಯ ಮೇಲೆ ಕೈಕಟ್ಟಿ ನಿಂತಳು. ರಸ್ತೆಯಲ್ಲೋ, ವೇದಿಕೆಯ ಮೇಲೋ, ಎಲ್ಲಾದರೂ ಬಿದ್ದು ಹೋಗಲಿ. ಡಬ್ಬಗಳ ಬಾಬತ್ತನ್ನು ಒಂದು ಫೋನ್ ಕರೆಯಲ್ಲಿ ನಿಲ್ಲಿಸಿದರಾಯಿತು.

ಲಿಫ್ಟಿನೊಳಗೆ ನಿಂತು ಮೇಷ್ಟ್ರು ತಿರುಗಿದರು.

"ಡ್ರೈವರ್ ಕೈಕೊಟ್ಟ. ನಾನೇ ಓಡಿಸಬೇಕು. ನಿನ್ನ ನಾದಿನಿಗೆ ರೈಲು ತಪ್ಪಿತಂತೆ ಪಾಪ, ಅವಳೂ ಮಗೂನೂ ಆಗಲೇ ಕೆಳಗೆ ಕಾರಲ್ಲಿ ಕೂತಿದಾರೆ."

ಜಿಗಣೆಗೆ ಆ ಮಾತು ಕಿವಿಗೆ ಬಿದ್ದು ಒಳಕ್ಕಿಳಿಯಲು ಒಂದು ಕ್ಷಣ ಬೇಕಾಯಿತು. ಇಳಿದದ್ದೇ ಓಡಿದಳು.

"ನಿಲ್ಲಿ! ಹೋಗಬೇಡಿ! ಸುಳ್ಳು ಹೇಳಿದೆ ನಾನು, ಯಂತ್ರದಲ್ಲಿ ಕೆಟ್ಟದ್ದೇ ಬಂತು, ನಿಮ್ಮ ಹೃದಯ…"

"ಈಗ ಬಂತು ನೋಡು ನಿಜವಾದ ಬುದ್ಧಿ," ಎಂದರು ಮೇಷ್ಟ್ರು. "ಸಮಾರಂಭ ತಪ್ಪಿಸೋಕೆ ಇದಕ್ಕಿಂತ ಒಳ್ಳೇದು ಹುಡುಕಮ್ಮಾ." ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಮೆಟ್ಟಿಲುಗಳನ್ನು ಅವಳು ಇಳಿದಳೋ ಬಿದ್ದಳೋ ಅವಳಿಗೇ ತಿಳಿಯದು. ಮೊಣಕಾಲು ತರಚಿತ್ತು. ಅಂಗಳಕ್ಕೆ ಬರುವಷ್ಟರಲ್ಲಿ ಕಾವಲುಗಾರ ಗೇಟು ಮುಚ್ಚುತ್ತಿದ್ದ, ಬೂದುಬಣ್ಣದ ಕಾರು ಬೀದಿಯ ತಿರುವಿನಲ್ಲಿ ಮರೆಯಾಗುತ್ತಿತ್ತು.

ನಾದಿನಿಗೆ ಫೋನ್ ಹಚ್ಚಿದಳು.

"ಕಾರು ನಿಲ್ಲಿಸು! ಈಗಲೇ ನಿಲ್ಲಿಸೋಕೆ ಹೇಳು! ಮೇಷ್ಟ್ರಿಗೆ ಹೃದಯಾಘಾತ ಆಗ್ತಾ ಇದೆ, ಸ್ಟಿಯರಿಂಗ್ ಮೇಲೇ ಬಿದ್ದುಹೋಗ್ತಾರೆ!"

"ಅಕ್ಕಾ," ನಾದಿನಿಯ ದನಿಯಲ್ಲಿ ದಣಿವಿತ್ತು. "ನೀವು ಹೀಗೇ ಏನಾದ್ರೂ ಹೇಳ್ತೀರ ಅಂತ ಅವರು ಹತ್ತೋವಾಗಲೇ ಹೇಳಿದ್ರು. ಇವತ್ತೊಂದು ದಿನ ಬಿಟ್ಟುಬಿಡಿ. ಅವರು ನಂಗೆ ತಂದೆ ಇದ್ದ ಹಾಗೆ."

"ನಿನ್ನ ಗಂಡನ ಮೇಲಾಣೆ ಕಣೇ! ಮಗು ಇದೆ ಕಾರಲ್ಲಿ!"

"ಅಕ್ಕಾ, ಪರೀಕ್ಷೆ ಮಾಡಿ ಚೆನ್ನಾಗಿದೀರಿ ಅಂತ ನೀವೇ ಹೇಳಿದ್ರಂತಲ್ಲ." ಹಿಂದಿನಿಂದ ಮೇಷ್ಟ್ರ ನಗು ಕೇಳಿಸಿತು. ನಗು ಅರ್ಧಕ್ಕೆ ನಿಂತು ಕೆಮ್ಮಾಯಿತು.

ಫೋನ್ ಯಾರದೋ ಕೈಯಿಂದ ಕೈಗೆ ಹೋದ ಸದ್ದು. ಮನೆಮಂದಿಯೆಲ್ಲ ಪಟಾಕಿ ಎಂದು ಕರೆಯುವ ತಮ್ಮನ ಮಗಳು, ಗುಟ್ಟು ಹೇಳುವವಳಂತೆ ಪಿಸುಗುಟ್ಟಿದಳು.

"ಅತ್ತೇ, ಮೇಷ್ಟ್ರು ತಾತ ಯಾಕೆ ಕಣ್ಣು ಮುಚ್ಕೊಂಡು ಓಡಿಸ್ತಾ ಇದಾರೆ?"